ಡಬ್ಲಿನ್‌ಗೆ ಬರುವ ನಮ್ಮ ಕಡೆಯವರಿಗೆ: ಪೇಸ್ಲಿಪ್‌ನಲ್ಲಿ ಕೂತಿರುವ ಹಳೇ ಸಾಲ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಇಲ್ಲಿಗೆ, ಐರ್ಲೆಂಡಿಗೆ, ಬಂದವರು ಮೊದಲ ಪೇಸ್ಲಿಪ್ ಹಿಡಿದು ಕೇಳುವುದು ಒಂದೇ: "ಈ ಯುಎಸ್‌ಸಿ ಅಂದ್ರೆ ಎಂತದು?" ಇನ್ಕಮ್ ಟ್ಯಾಕ್ಸ್ ಗೊತ್ತು. ಪಿಆರ್‌ಎಸ್‌ಐ ಪಿಂಚಣಿ, ನಿರುದ್ಯೋಗ ಭತ್ಯೆಗೆ ಹೋಗುವ ವಂತಿಗೆ. ಯುಎಸ್‌ಸಿ ಅಂದರೆ ಯೂನಿವರ್ಸಲ್ ಸೋಶಿಯಲ್ ಚಾರ್ಜ್, ಆದಾಯದ ಮೇಲೆ ಬೀಳುವ ಇನ್ನೊಂದು ತೆರಿಗೆ. ಅದು ಮಾತ್ರ 2008ರ ಬ್ಯಾಂಕ್ ಬಿಕ್ಕಟ್ಟಿನ ಕೂಸು.

2007ರಲ್ಲಿ ಐರ್ಲೆಂಡ್ ಸರ್ಕಾರದ ಸಾಲ ಜಿಡಿಪಿಯ ಸುಮಾರು ಶೇ 25 ಇತ್ತು, ಅಷ್ಟೇ. 2012ಕ್ಕೆ ಅದು ಶೇ 120ರ ಹತ್ತಿರ. ಮನೆ ಕಟ್ಟುವವರಿಗೆ ಕಂಡಾಪಟ್ಟೆ ಸಾಲ ಕೊಟ್ಟು ಮುಗ್ಗರಿಸಿದ ಬ್ಯಾಂಕುಗಳಿಗೆ ಸರ್ಕಾರ ಸುರಿದದ್ದೇ ಸುಮಾರು 6,400 ಕೋಟಿ ಯೂರೋ. ಹಾಗಂತ ಜನ ಬ್ಯಾಂಕನ್ನಷ್ಟೇ ಬೈಯುತ್ತಾರೆ. ಅದು ಅರ್ಧ ಕಥೆ. ಕೊಳೆರೋಗ ಬಿದ್ದ ವರ್ಷದ ತೋಟದ ಲೆಕ್ಕ ನಿಮಗೆ ಗೊತ್ತಲ್ವಾ? ಫಸಲು ಉದುರುತ್ತದೆ, ಮದ್ದಿನ ಖರ್ಚು ಏರುತ್ತದೆ, ಸೊಸೈಟಿ ಸಾಲ ಬೆಳೆಯುತ್ತದೆ. ಇಲ್ಲೂ ತೆರಿಗೆ ವಸೂಲಿ ಕುಸಿಯಿತು, ನಿರುದ್ಯೋಗ ಶೇ 15 ಮುಟ್ಟಿತು, ಭತ್ಯೆ ಖರ್ಚು ಜಾಸ್ತಿಯಾಯಿತು. ಯೂರೋ ಹಲವು ದೇಶಗಳ ನೋಟು, ಐರ್ಲೆಂಡಿನ ಸ್ವಂತದ್ದಲ್ಲ, ಹಾಗಾಗಿ ನೋಟಿನ ಬೆಲೆ ಇಳಿಸಿ ಪಾರಾಗುವ ದಾರಿ ಇರಲಿಲ್ಲ. ಸಾಲ ಕೊಡುವವರು ಬಡ್ಡಿ ಏರಿಸಿದರು. ಕೊನೆಗೆ 2010ರ ನವೆಂಬರಿನಲ್ಲಿ ಯುರೋಪಿಯನ್ ಯೂನಿಯನ್, ಐಎಂಎಫ್ ಜೊತೆ 8,500 ಕೋಟಿ ಯೂರೋ ನೆರವಿನ ಪ್ಯಾಕೇಜು. ತಮಾಷೆಯೆಂದರೆ ಅದರಲ್ಲಿ 1,750 ಕೋಟಿ ಐರ್ಲೆಂಡಿನದ್ದೇ ದುಡ್ಡು!

2011ರಲ್ಲಿ ಯುಎಸ್‌ಸಿ ಬಂತು. 2012ರಲ್ಲಿ ಕೊಳ್ಳುವ ವಸ್ತುಗಳ ಮೇಲಿನ ತೆರಿಗೆ ವ್ಯಾಟ್‌ನ ಮುಖ್ಯ ದರ ಶೇ 21ರಿಂದ 23ಕ್ಕೆ ಏರಿತು. ಬಿಕ್ಕಟ್ಟು ಹೋಯಿತು, ಎರಡೂ ಉಳಿದವು. ವರ್ಷಕ್ಕೆ 45,000 ಯೂರೋ ಸಂಬಳವಾದರೆ 2025ರ ದರದಲ್ಲಿ ಯುಎಸ್‌ಸಿ ಸುಮಾರು 900 ಯೂರೋ. ಆದಾಯ 13,000 ಯೂರೋ ದಾಟದಿದ್ದರೆ ಏನೂ ಇಲ್ಲ. ಊರಿಂದ ಆಯಿ ಫೋನಿನಲ್ಲಿ "ಕೈಗೆ ಎಷ್ಟು ಬತ್ತು ತಮಾ?" ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಆಫರ್ ಲೆಟರಿನ ದೊಡ್ಡ ಅಂಕಿ ನೋಡಿ ಊರಲ್ಲಿ ಸಾಲ ಮಾಡಬೇಡಿ.

ನನ್ನ ಪ್ರಕಾರ ತೆರಿಗೆಗಿಂತ ದೊಡ್ಡ ಪೆಟ್ಟು ಬಾಡಿಗೆ. ಬಿಕ್ಕಟ್ಟಿಗೆ ಮುಂಚೆ ವರ್ಷಕ್ಕೆ ಸುಮಾರು 90,000 ಮನೆ ಏಳುತ್ತಿದ್ದವು. 2013ರಲ್ಲಿ 10,000ವೂ ಇಲ್ಲ. ಬಿಲ್ಡರುಗಳು ದಿವಾಳಿ, ಗಾರೆಯವರು, ಬಡಗಿಗಳು ಕೆಲಸ ಹುಡುಕಿ ದೇಶ ಬಿಟ್ಟರು. ಖರ್ಚು ಕಡಿಯಬೇಕಾದ ಸರ್ಕಾರ ಮೊದಲು ಕೈಬಿಟ್ಟದ್ದರಲ್ಲಿ ಮನೆ ಕಟ್ಟುವುದೂ ಒಂದು. ಸಂಬಳ ಕಡಿದರೆ ಬೀದಿಯಲ್ಲಿ ಗಲಾಟೆ. ಕಟ್ಟದ ಮನೆಗಾಗಿ ಆಗ ಯಾರೂ ಕೂಗಲಿಲ್ಲ. ಈಗ ಒಂದು ರೂಮಿಗೆ ಸಾಲು ನಿಲ್ಲುವವರು ನೀವು. ಹಾಗಾಗಿ ಬಂದ ಹೊಸತರಲ್ಲಿ ಉಳಿಯುವ ಜಾಗ ಬರುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆದರೆ ಬಾಡಿಗೆ ಮನೆ ನೋಡದೆ ಅಡ್ವಾನ್ಸ್ ಕಳಿಸಬೇಡಿ.

ಕೆಲಸ ಖಾತ್ರಿಯಾದ ಕೂಡಲೇ ಪಿಪಿಎಸ್ ನಂಬರ್ (ತೆರಿಗೆ, ಸರ್ಕಾರಿ ಸೇವೆಗಳಿಗೆ ಬೇಕಾದ ಇಲ್ಲಿನ ಗುರುತಿನ ಸಂಖ್ಯೆ) ಕಂಪನಿಗೆ ಕೊಟ್ಟು, ಇಲ್ಲಿನ ತೆರಿಗೆ ಇಲಾಖೆ ರೆವೆನ್ಯೂವಿನ ಸೈಟಿನಲ್ಲಿ ಆ ಕೆಲಸ ನೋಂದಾಯಿಸಿ. ತಡಮಾಡಿದರೆ ಎಮರ್ಜೆನ್ಸಿ ಟ್ಯಾಕ್ಸ್, ಅಂದರೆ ನಿಮ್ಮ ವಿವರ ಸಿಗುವವರೆಗಿನ ಹೆಚ್ಚಿನ ತೆರಿಗೆ, ಬೀಳುತ್ತದೆ, ಯುಎಸ್‌ಸಿಯೂ ಇಡೀ ಸಂಬಳಕ್ಕೆ ಶೇ 8. ಜಾಸ್ತಿ ಹೋದದ್ದು ಆಮೇಲೆ ವಾಪಸ್ ಸಿಗುತ್ತದೆ, ಆದರೆ ಮೊದಲ ತಿಂಗಳ ಬಾಡಿಗೆಗೆ ಸಿಗುವುದಿಲ್ಲ.