ಲಂಟಾನ ಕಿತ್ತ ಮೇಲಿನ ಮೂರು ಮಳೆಗಾಲ

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿಗೆ ಸಮೀಪದ ನಾಗರಹೊಳೆ ಕಾಡಿನ ಅಂಚಿನಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಲಂಟಾನ ತೆಗೆಯುವ ತಂಡವೊಂದನ್ನು ನಾನು ನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ತಂಡದಲ್ಲಿರುವವರೆಲ್ಲ ಹತ್ತಿರದ ಹಾಡಿಗಳ ಜೇನುಕುರುಬರು ಮತ್ತು ಬೆಟ್ಟಕುರುಬರು. ಕೆಲಸಕ್ಕೆ ಇಳಿಯುವಾಗ ನನಗಿದ್ದದ್ದು ಪುಸ್ತಕದ ತಿಳಿವಳಿಕೆ ಮಾತ್ರ: ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಮೊದಲ ಭಾಗದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ತೋಟಕ್ಕೆ ತಂದರು, ಅಲ್ಲಿಂದ ಅದು ದೇಶದ ಕಾಡುಗಳನ್ನೆಲ್ಲ ಹೊಕ್ಕಿತು, ದನಕರುಗಳು ತಿಂದರೆ ಅವುಗಳ ಯಕೃತ್ತು ಕೆಡುತ್ತದೆ, ಜಿಂಕೆ ಕಾಟಿಗಳು ಅದನ್ನು ಮೇಯುವುದಿಲ್ಲ, ಅದರ ಪೊದೆಯಡಿ ಹುಲ್ಲು ಏಳುವುದಿಲ್ಲ. ಇಷ್ಟು ಗೊತ್ತಿದ್ದರೂ ಅದನ್ನು ತೆಗೆಯುವುದು ಹೇಗೆಂಬುದು ನನಗೆ ಗೊತ್ತಿರಲಿಲ್ಲ.

ಮೊದಲ ವರ್ಷ 12 ಎಕರೆ ತೆಗೆದೆವು. ಹಣ ಕೊಟ್ಟವರು ಎಕರೆಯ ಲೆಕ್ಕ ಕೇಳುತ್ತಿದ್ದರು, ಮಾರ್ಚ್ ಕೊನೆಯೊಳಗೆ ಮುಗಿಸಬೇಕೆಂದೂ ಹೇಳಿದ್ದರು. ನಾನೂ ಎಕರೆಗಿಷ್ಟು ಎಂದು ಕೂಲಿ ನಿಗದಿ ಮಾಡಿದೆ. ಹಾಗೆ ನಿಗದಿ ಮಾಡಿದ ಮೇಲೆ ಯಾರೇ ಆದರೂ ಬೇಗ ಮುಗಿಯುವ ದಾರಿಯನ್ನೇ ಹಿಡಿಯುತ್ತಾರೆ. ಮಚ್ಚಿನಿಂದ ನೆಲಮಟ್ಟಕ್ಕೆ ಕಡಿದು ಎಳೆದು ರಾಶಿ ಹಾಕಿದರು. ಏಪ್ರಿಲ್‌ನಲ್ಲಿ ಆ ಜಾಗ ಬಯಲಿನಂತೆ ಕಾಣುತ್ತಿತ್ತು, ನಾನು ಹೆಮ್ಮೆಯಿಂದ ಫೋಟೋ ತೆಗೆಸಿದೆ. ದೀಪಾವಳಿಯ ಹೊತ್ತಿಗೆ ಕಡಿದ ಪ್ರತಿಯೊಂದು ಬುಡದಿಂದಲೂ ಹತ್ತಾರು ಚಿಗುರು ಎದ್ದು ಸೊಂಟದೆತ್ತರ ಬೆಳೆದಿದ್ದವು, ಬುಡಗಳ ನಡುವೆ ಬರಿದಾಗಿದ್ದ ಮಣ್ಣಿನಲ್ಲಿ ಕಾಂಗ್ರೆಸ್ ಗಿಡವೂ ಕಮ್ಯುನಿಸ್ಟ್ ಗಿಡವೂ ತುಂಬಿದ್ದವು. ಒಂದು ಕಳೆಯಿದ್ದ ಕಡೆ ಮೂರಾದವು. ತಪ್ಪು ಕಡಿದವರದಲ್ಲ, ನಾನು ಗೊತ್ತುಮಾಡಿದ ಲೆಕ್ಕದ್ದು.

ಎರಡನೆಯ ವರ್ಷ ದಿನಗೂಲಿಗೆ ಬದಲಾಯಿಸಿ, 4 ಎಕರೆಯನ್ನಷ್ಟೇ ಕೈಗೆತ್ತಿಕೊಂಡೆವು. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ಅವರು ರೂಪಿಸಿದ, ಕಾರ್ಬೆಟ್ ಕಾಡಿನಲ್ಲಿ ಬಳಕೆಗೆ ಬಂದಿದ್ದ ಬೇರು ಕತ್ತರಿಸುವ ಕ್ರಮವನ್ನು ಅನುಸರಿಸಿದೆವು. ಲಂಟಾನ ಮತ್ತೆ ಚಿಗುರುವುದು ಕಾಂಡವೂ ಬೇರೂ ಕೂಡುವ ಗಂಟಿನಿಂದ. ಆದ್ದರಿಂದ ಪೊದೆಯ ಬುಡದ ಮಣ್ಣನ್ನು ಸ್ವಲ್ಪ ಬಿಡಿಸಿ, ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ, ಆ ಗಂಟಿನ ಅಡಿಯಲ್ಲಿ ತಾಯಿಬೇರನ್ನು ಕತ್ತರಿಸಬೇಕು. ಒಬ್ಬರು ಗುದ್ದಲಿ ಹಾಕುವಾಗ ಇನ್ನೊಬ್ಬರು ಕವೆಗೋಲಿನಿಂದ ಪೊದೆಯನ್ನು ಎತ್ತಿ ಹಿಡಿಯುತ್ತಾರೆ. ಬೇರು ಕಡಿದ ಕೂಡಲೇ ಪೊದೆಯನ್ನು ಅಲ್ಲಿಯೇ ಬುಡಮೇಲು ಮಾಡಿ, ಬೇರು ಆಕಾಶ ನೋಡುವಂತೆ ಮಲಗಿಸುತ್ತೇವೆ. ಎಳೆದು ಒಯ್ಯುವುದಿಲ್ಲ, ಏಕೆಂದರೆ ಎಳೆದ ದಾರಿಯುದ್ದಕ್ಕೂ ಬೀಜ ಉದುರುತ್ತದೆ. ಬೆಂಕಿಯನ್ನಂತೂ ಹತ್ತಿರ ಸುಳಿಯಗೊಡುವುದಿಲ್ಲ. ಒಣಗಿದ ಲಂಟಾನ ಜೋರಾಗಿ ಉರಿದು ಅಕ್ಕಪಕ್ಕದ ಮತ್ತಿ, ದಿಂಡಿಗದ ಸಸಿಗಳನ್ನು ಸುಡುತ್ತದೆ, ನೆಲದೊಳಗಿನ ಅದರದೇ ಗಂಟು ಮಾತ್ರ ಬದುಕಿ ಉಳಿಯುತ್ತದೆ. ಹಾರೆಯಿಂದ ಇಡೀ ಬೇರನ್ನು ಅಗೆದು ತೆಗೆಯೋಣವೆಂದು ಕೆಲವರು ಸೂಚಿಸಿದ್ದರು, ಆದರೆ ಹಾಗೆ ಕೆದರಿದ ಮಣ್ಣು ಬೇರೆ ಕಳೆಗಳಿಗೆ ಹದ ಮಾಡಿಕೊಟ್ಟಂತಾಗುತ್ತದೆ ಎಂಬುದನ್ನು ಮೊದಲ ವರ್ಷವೇ ಕಂಡಿದ್ದೆವು.

ಕೆಲಸದ ಕಾಲವೂ ಮುಖ್ಯ. ಕೃತ್ತಿಕೆ ಮಳೆ ಬಿದ್ದು ನೆಲ ಸಡಿಲಾದ ಮೇಲೆ, ಕಾಯಿ ಹಣ್ಣಾಗುವ ಮೊದಲು ತೆಗೆದರೆ ಗುದ್ದಲಿಯೂ ಹಗುರ, ಬೀಜದ ಭಯವೂ ಕಡಿಮೆ. ಬೆಳಿಗ್ಗೆ 9ಕ್ಕೆ ಮೊದಲು ಶುರು ಮಾಡುವುದಿಲ್ಲ, ಮಧ್ಯಾಹ್ನ 3ರ ನಂತರ ಕಾಡಿನಲ್ಲಿ ಉಳಿಯುವುದಿಲ್ಲ. ಆಳೆತ್ತರದ ಪೊದೆಯೊಳಗೆ ಆನೆ ನಿಂತಿದ್ದರೂ ಹತ್ತು ಮಾರು ದೂರದಿಂದ ಕಾಣುವುದಿಲ್ಲವಾದ್ದರಿಂದ, ಅರಣ್ಯ ಇಲಾಖೆಯ ವಾಚರ್ ಒಬ್ಬರು ಮುಂದೆ ಹೋಗಿ ನೋಡಿ ಬಂದ ಮೇಲೆಯೇ ಉಳಿದವರು ಒಳಹೋಗುತ್ತೇವೆ.

ನಾನು ಕಲಿತ ಅತಿ ಮುಖ್ಯವಾದ ಸಂಗತಿ ಇದಾದ ಮೇಲೆ ಬಂದದ್ದು. ತೆಗೆದ ಜಾಗದಲ್ಲಿ ಮುಂದಿನ ಮಳೆಗೆ ಹುಟ್ಟುವ ಸಸಿಗಳನ್ನು ಕೀಳಲು ನಾನು ಹಗ್ಗ ಕಟ್ಟಿ, ಪಟ್ಟೆ ಪಟ್ಟೆಯಾಗಿ ಇಡೀ 4 ಎಕರೆಯನ್ನು ಹುಡುಕಿಸುತ್ತಿದ್ದೆ. ಎರಡು ದಿನ ನೋಡಿದ ಮೇಲೆ ತಂಡದ ಹಿರಿಯ ಹೆಂಗಸೊಬ್ಬರು ಹೇಳಿದರು: "ಸಾರ್, ಬಯ್ಲಲ್ಲಿ ಯಾಕೆ ಹುಡುಕ್ತೀರಿ? ಪಿಕಳಾರ ಎಲ್ಲಿ ಕೂರ್ತದೆ ನೋಡಿ, ಗಿಡ ಅಲ್ಲೇ ಅದೆ." "ಎಲ್ಲಿ ಕೂರ್ತದೆ ಅವ್ವ?" ಎಂದು ಕೇಳಿದಾಗ ನನ್ನನ್ನು ಒಂದು ಒಂಟಿ ಮತ್ತಿ ಮರದ ಬುಡಕ್ಕೆ ಕರೆದೊಯ್ದರು. ಕೊಂಬೆಗಳ ನೆರಳು ಬೀಳುವಷ್ಟಗಲ ನೆಲದಲ್ಲಿ ಬೆರಳುದ್ದದ ಲಂಟಾನ ಸಸಿಗಳು ಪೈರಿನ ಮಡಿಯಂತೆ ಒತ್ತಾಗಿ ನಿಂತಿದ್ದವು. ಕಪ್ಪಗೆ ಹಣ್ಣಾದ ಲಂಟಾನವನ್ನು ತಿಂದ ಹಕ್ಕಿ ತೆರೆದ ಬಯಲಿನಲ್ಲಿ ಕೂರುವುದಿಲ್ಲ. ಉಳಿದ ಕೆಲವೇ ಮರಗಳ ಮೇಲೆ ಕೂತು ಹಿಕ್ಕೆ ಹಾಕುತ್ತದೆ, ಬೀಜ ಅಲ್ಲಿ ಬೀಳುತ್ತದೆ. ಇನ್ನಷ್ಟು ಬೀಜ ಮಳೆನೀರಿನೊಂದಿಗೆ ಜಾರಿ ಹಳ್ಳದ ದಂಡೆ ಸೇರುತ್ತದೆ. ಅಂದಿನಿಂದ ನಮ್ಮ ನಕ್ಷೆಯಲ್ಲಿ ಹಗ್ಗದ ಪಟ್ಟೆಗಳಿಲ್ಲ. ಮರಗಳಿಗೂ ಹಳ್ಳದ ತಿರುವುಗಳಿಗೂ ಸಂಖ್ಯೆ ಕೊಟ್ಟಿದ್ದೇವೆ. ಮಣ್ಣು ಒದ್ದೆಯಿರುವಾಗ ಎಳೆಯ ಸಸಿ ಎರಡು ಬೆರಳಿಗೆ ಬೇರು ಸಮೇತ ಬರುತ್ತದೆ. ಆರು ಜನ ಹತ್ತು ದಿನ ಮಾಡುತ್ತಿದ್ದ ಕೆಲಸ ಈಗ ಮೂರು ದಿನದ್ದು.

ಮಣ್ಣಿನಲ್ಲಿ ಬಿದ್ದ ಬೀಜ ಹಲವು ವರ್ಷ ಜೀವ ಹಿಡಿದಿರಬಲ್ಲದಾದ್ದರಿಂದ ಒಂದು ಮಳೆಗಾಲದ ಕಳೆ ಕೀಳುವಿಕೆ ಸಾಲದು. ಈ ಮಾತನ್ನು ಹಣ ಕೊಡುವವರಿಗೆ ಒಪ್ಪಿಸುವುದೇ ನನಗೆ ಅತ್ಯಂತ ಕಷ್ಟವಾದದ್ದು. ಹೊಸ ಜಾಗ ತೆಗೆಯಲು ಸುಲಭವಾಗಿ ಸಿಗುವ ಹಣ, ತೆಗೆದ ಜಾಗಕ್ಕೆ ಮರಳಿ ಹೋಗಲು ಸಿಗುವುದಿಲ್ಲ. ಈಗ ನಾನು ಯಾವ ಅಂದಾಜುಪಟ್ಟಿ ಬರೆದರೂ ಮೂರು ಮಳೆಗಾಲದ ಕೂಲಿಯನ್ನು ಮೊದಲೇ ಸೇರಿಸಿ, ಅದಕ್ಕೆ ಒಪ್ಪದಿದ್ದರೆ ಕೆಲಸ ಶುರು ಮಾಡುವುದಿಲ್ಲ. ಮರಳಿ ಹೋಗಲಾಗದ ಜಾಗವನ್ನು ಮುಟ್ಟದೆ ಬಿಡುವುದೇ ಕಾಡಿಗೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಲ್ಲಿನ ವಿಷಯದಲ್ಲಿ ನಾವು ಮಾಡಿದ್ದು ಸ್ವಲ್ಪವೇ. ಹತ್ತಿರದ ಹಡ್ಲುಗಳ, ಅಂದರೆ ಕಾಡಿನ ನಡುವಿನ ಜೌಗು ಹುಲ್ಲುಬಯಲುಗಳ, ಅಂಚಿನಲ್ಲಿ ಡಿಸೆಂಬರ್‌ನಲ್ಲಿ ಬಲಿತ ತೆನೆಗಳನ್ನು ಕೈಯಲ್ಲಿ ಸವರಿ ಚೀಲಕ್ಕೆ ತುಂಬಿ, ಮುಂಗಾರಿನಲ್ಲಿ ಬುಡಮೇಲಾದ ಪೊದೆಗಳ ನಡುವೆ ಎರಚಿದೆವು. ಮುಳ್ಳು ತುಂಬಿದ ಒಣ ಪೊದೆಗಳೇ ಬೇಲಿಯಾಗಿ, ಎರಚಿದ ಮೊದಲ ವರ್ಷ ಜಿಂಕೆಗಳ ಬಾಯಿಂದ ಎಳೆ ಹುಲ್ಲು ಉಳಿಯಿತು. ಹೊರಗಿನಿಂದ ಮೇವಿನ ಬೀಜ ಕೊಂಡು ತರುವ ಸಲಹೆ ಬಂದಾಗ ನಾನು ಒಪ್ಪಲಿಲ್ಲ, ಒಂದು ಪರಕೀಯ ಗಿಡವನ್ನು ತೆಗೆದು ಇನ್ನೊಂದನ್ನು ಬಿತ್ತುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ.

ಲಂಟಾನ ಹುಲಿಗೆ ಮರೆ ಕೊಡುತ್ತದೆ, ಹಕ್ಕಿಗೆ ಹಣ್ಣು ಕೊಡುತ್ತದೆ, ಅದನ್ನೇಕೆ ತೆಗೆಯಬೇಕು ಎಂದು ಕೇಳುವವರಿದ್ದಾರೆ. ಮರೆ ಕೊಡುವುದು ನಿಜ. ಮರಿ ಹಾಕಿದ ಹೆಣ್ಣುಹುಲಿಯ ಓಡಾಟ ಕಂಡ ಹಳ್ಳದ ಬದಿಯನ್ನು, ಗಾರ್ಡ್ ಹೇಳಿದ ಕಾರಣಕ್ಕೆ, ನಾವು ಒಂದು ವರ್ಷ ಮುಟ್ಟಲಿಲ್ಲ. ಆದರೆ ಹುಲಿಗೆ ಮರೆಯಷ್ಟೇ ಬೇಟೆಯೂ ಬೇಕು, ಬೇಟೆಗೆ ಹುಲ್ಲು ಬೇಕು. ಆದ್ದರಿಂದ ಒಮ್ಮೆಲೇ ಎಲ್ಲವನ್ನೂ ಬೋಳು ಮಾಡದೆ, ತುಂಡು ತುಂಡಾಗಿ ತೆಗೆಯುತ್ತಾ ಹೋಗುತ್ತೇವೆ.

ಈಗ ನನಗಿರುವ ಆತಂಕ ಬೇರೊಂದು ಗಿಡದ್ದು. ವಯನಾಡಿನಲ್ಲಿ ನೆರಳಿಗೂ ಅಂದಕ್ಕೂ ನೆಟ್ಟಿದ್ದ, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ನಮ್ಮ ಕಡೆಯ ಕಾಡುಗಳಿಗೂ ಬಂದಿದೆ. ಇದು ಪೊದೆಯಲ್ಲ, ಮರ. ಕಡಿದರೆ ಲಂಟಾನಕ್ಕಿಂತ ಹುರುಪಿನಿಂದ ಚಿಗುರುತ್ತದೆ. ಎಳೆಯದನ್ನು ಬೇರು ಸಮೇತ ಕೀಳಬೇಕು, ಬಲಿತದ್ದರ ತೊಗಟೆಯನ್ನು ಬುಡದವರೆಗೆ ಸುಲಿದು ನಿಂತಲ್ಲೇ ಒಣಗಲು ಬಿಡಬೇಕು. ನಮ್ಮ ಭಾಗದಲ್ಲಿ ಕಳೆದ ವರ್ಷ ಹಳ್ಳದ ಬಳಿ ಏಳು ಸಸಿಗಳು ಸಿಕ್ಕವು, ಏಳನ್ನೂ ಕಿತ್ತೆವು.

ಆ 4 ಎಕರೆಗೆ ಮೂರನೆಯ ಮಳೆಗಾಲ ಮುಗಿದಿದೆ. ಬುಡಮೇಲು ಮಾಡಿದ ಪೊದೆಗಳು ಗೆದ್ದಲು ಹಿಡಿದು ಪುಡಿಯಾಗಿವೆ, ಅವುಗಳ ನಡುವೆ ಜಿಂಕೆ ಮಲಗಿದ ಗುರುತುಗಳಿವೆ. ಮೊದಲ ವರ್ಷ ನಾನು ಕೆಡಿಸಿದ 12 ಎಕರೆಯಲ್ಲಿ 3 ಎಕರೆಯನ್ನು ಈ ಬಾರಿ ಮತ್ತೆ ಹಿಡಿದಿದ್ದೇವೆ. ಒಮ್ಮೆ ಮಚ್ಚು ಬಿದ್ದ ಬುಡಗಳು ದಪ್ಪವಾಗಿ ಗಂಟುಕಟ್ಟಿರುವುದರಿಂದ ಒಂದೊಂದಕ್ಕೂ ಎರಡರಷ್ಟು ಹೊತ್ತು ಹಿಡಿಯುತ್ತಿದೆ.