ಹೂಕುಂಡ ಬಿದ್ದದ್ದು ಯಾರ ಕೈಯಿಂದ?

ನಾನು ಬದಿಯಡ್ಕದ ಕಡೆಯವನು. ಯಕ್ಷಗಾನ ಬೊಂಬೆಯಾಟದಲ್ಲಿ ಸೂತ್ರ ಹಿಡಿಯುತ್ತೇನೆ. ರಜೆಯಲ್ಲಿ ಊರಿನ ವಾಚನಾಲಯದಲ್ಲಿ ಮಕ್ಕಳಿಗೆ ಬೊಂಬೆ ಸಿನಿಮಾ ತೋರಿಸುವುದೂ ಉಂಟು. ಜಾಸ್ತಿ ಸಲ ಹಾಕಿದ್ದು ಚೆಕ್ ಕಲಾವಿದ ಯಿರ್ಜಿ ತ್ರಂಕಾ 1965ರಲ್ಲಿ ಮಾಡಿದ 'ಕೈ'. ಬರೀ 18 ನಿಮಿಷದ್ದು, ಮಾತೇ ಇಲ್ಲ.

ಒಬ್ಬ ಪುಟ್ಟ ಕುಂಬಾರ ತನ್ನ ಹೂಗಿಡಕ್ಕೆ ಕುಂಡ ಮಾಡುತ್ತಿರುತ್ತಾನೆ. ದೊಡ್ಡದೊಂದು ಕೈ ಬಂದು, ತನ್ನ ಮೂರ್ತಿ ಮಾಡು ಅಂತ ಪೀಡಿಸುತ್ತದೆ. ಒಪ್ಪದಿದ್ದಾಗ ಪಂಜರಕ್ಕೆ ಹಾಕಿ ಮಾಡಿಸುತ್ತದೆ. ಅವನು ಹೇಗೋ ತಪ್ಪಿಸಿಕೊಂಡು ಮನೆ ಸೇರುತ್ತಾನೆ. ಅಲ್ಲಿ ಹೂಕುಂಡ ತಲೆ ಮೇಲೆ ಬಿದ್ದು ಸಾಯುತ್ತಾನೆ. ಅದೇ ಕೈ ಅವನನ್ನು ಭಾರೀ ಮರ್ಯಾದೆಯಿಂದ ಕಳಿಸಿಕೊಡುತ್ತದೆ.

ಮೊದಲ ಸಲ ನಾನು ತಪ್ಪು ಮಾಡಿದೆ. ಸಿನಿಮಾ ಮುಗಿದ ತಕ್ಷಣ "ಕೈ ಅಂದ್ರೆ ಸರ್ಕಾರ" ಅಂದುಬಿಟ್ಟೆ. ಅರ್ಥ ಸುಳ್ಳಲ್ಲ. 1969ರಲ್ಲಿ ತ್ರಂಕಾ ತೀರಿಕೊಂಡ ಮೇಲೆ ಅಲ್ಲಿನ ಸರ್ಕಾರ ಈ ಚಿತ್ರವನ್ನು ನಿಷೇಧಿಸಿತು. ಆದರೆ ಮಕ್ಕಳು ತಲೆಯಾಡಿಸಿ ಎದ್ದು ಹೋದರು. ಮಾತು ಅಲ್ಲಿಗೇ ಮುಗಿಯಿತು.

ಎರಡನೇ ಸಲ ಸುಮ್ನೆ ಕೂತೆ. ಒಬ್ಬಳು ಕೇಳಿದಳು, "ಮಾಷ್ಟ್ರೇ, ಅವನನ್ನು ಕೈ ಕೊಂದದ್ದಲ್ಲ ಅಲ್ವಾ? ಅವನದ್ದೇ ಕುಂಡ ಅಲ್ವಾ?"

ನನಗೆ ಮೈ ಜುಂ ಅಂದಿತು. ಆ ಕುಂಡವನ್ನೇ ಹಿಡಿದು ಹಿಂದಕ್ಕೆ ಹೋದೆವು. ಮೊದಲ ದೃಶ್ಯದಲ್ಲಿ ಅದು ಅವನ ಪ್ರೀತಿ. ಆಮೇಲೆ ಕೈ ಒಡೆದು ಹಾಕುವುದೂ ಅದನ್ನೇ. ಕೊನೆಗೆ ಬಾಗಿಲು ಹಾಕಿಕೊಂಡ ಮನೆಯಲ್ಲಿ, ಹೆದರಿಕೆಯ ನಡುವೆ, ಅಂಥದ್ದೇ ಕುಂಡ ತಲೆಗೆ ಬೀಳುತ್ತದೆ. ಅಂದಿನಿಂದ ನಾನು ಕೊನೆಯ ಅರ್ಥ ಹುಡುಕುವುದು ಹೀಗೆಯೇ. ಕೊನೆಯಲ್ಲಿ ಕಂಡ ವಸ್ತು ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ನೋಡುತ್ತೇನೆ.

ಇನ್ನೊಂದು ಸಂಗತಿ ಸೂತ್ರ ಹಿಡಿಯುವವನಿಗೇ ಬೇಗ ಕಾಣುವಂಥದ್ದು. ಈ ತರದ ಸಿನಿಮಾದಲ್ಲಿ ಬೊಂಬೆಯನ್ನು ಚೂರುಚೂರೇ ಸರಿಸಿ ಒಂದೊಂದೇ ಫೋಟೋ ತೆಗೆಯುತ್ತಾರೆ, ಸೂತ್ರ ಬೇಡ. ಕುಂಬಾರ ಸಲೀಸಾಗಿ ಓಡಾಡುತ್ತಾನೆ. ಪಂಜರದಲ್ಲಿ ಮಾತ್ರ ಅವನ ಕೈಕಾಲಿಗೆ ಸೂತ್ರ ಬೀಳುತ್ತದೆ. ನಮ್ಮಲ್ಲಿ ಸೂತ್ರ ಕಟ್ಟಿದರೆ ಬೊಂಬೆಗೆ ಜೀವ. ಅಲ್ಲಿ ಸೂತ್ರ ಕಟ್ಟಿದ ಮೇಲೆ ಅವನು ಬೊಂಬೆಯಾಗುತ್ತಾನೆ. ಆ ರಾತ್ರಿ ನನ್ನ ಬೆರಳುಗಳನ್ನೇ ತುಂಬ ಹೊತ್ತು ನೋಡಿದೆ.

ಕಳೆದ ರಜೆಯಲ್ಲಿ ಹಳೇ ಭಾಗವತರೊಬ್ಬರು ಬಂದಿದ್ದರು. ನಮ್ಮ ಆಟ ಮಂಗಳ ಹಾಡದೆ ಮುಗಿಯುವುದಿಲ್ಲ. "ಇದಕ್ಕೆ ಮಂಗಳ ಹಾಡುವುದು ಯಾರು?" ಅಂತ ಬೇಸರದಿಂದ ಕೇಳಿದರು.

"ಆ ಕೈಯೇ ಹಾಡಿತಲ್ಲ ಅಜ್ಜ" ಅಂದ ಮುಂದೆ ಕೂತಿದ್ದ ಹುಡುಗ.