ವೆನ್ ಚಿತ್ರ: ನಡುವಿನಿಂದ ಶುರು ಮಾಡಿ

ಪಿಯುಸಿ ಮಕ್ಕಳಿಗೆ ಸಂಭವನೀಯತೆ ಹೇಳಿಕೊಡುವಾಗ ನಾನು ಸೂತ್ರವನ್ನು ಆಮೇಲೆ ಬರೆಯುತ್ತೇನೆ. ಮೊದಲು ಬೋರ್ಡಿನ ಮೇಲೆ ದೊಡ್ಡ ಚೌಕ, ಅದರೊಳಗೆ ಒಂದನ್ನೊಂದು ಹಾಯುವ ಮೂರು ವೃತ್ತ, ಒಂದೊಂದು ಗುಂಪಿಗೆ ಒಂದೊಂದು. ಇದೇ ವೆನ್ ಚಿತ್ರ. ಚೌಕ ಬಿಡಬಾರದು. ಯಾವ ವೃತ್ತಕ್ಕೂ ಸೇರದವಕ್ಕೂ ಜಾಗ ಬೇಕಲ್ವಾ?

ನಾನು ಯಾವಾಗಲೂ ಕೊಡುವ ಲೆಕ್ಕ ಇದು. 1ರಿಂದ 100ರವರೆಗಿನ ಚೀಟಿಗಳಲ್ಲಿ ಒಂದನ್ನು ಎತ್ತಿದರೆ, ಅದು 2, 3, 5 ಯಾವುದರಿಂದಲೂ ಭಾಗವಾಗದ ಸಂಭವನೀಯತೆ ಎಷ್ಟು? 2ರಿಂದ ಭಾಗವಾಗುವವು 50, 3ರಿಂದ 33, 5ರಿಂದ 20. ಮಕ್ಕಳು ಇವನ್ನೇ ಸೀದಾ ವೃತ್ತದೊಳಗೆ ಬರೆಯುತ್ತಾರೆ. ಕೂಡಿದರೆ 103! ಇರುವುದೇ 100 ಚೀಟಿ.

ಅದಕ್ಕೇ ನಟ್ಟನಡುವಿನಿಂದ ತುಂಬಬೇಕು. 2, 3, 5 ಎಲ್ಲದರಿಂದಲೂ ಭಾಗವಾಗುವವು 30, 60, 90. ನಡುವೆ 3 ಬರೆಯಿರಿ. 2 ಮತ್ತು 3 ಎರಡರಿಂದಲೂ ಭಾಗವಾಗುವವು 16. ನಡುವಿನ 3 ಕಳೆದರೆ ಆ ಎಸಳಿಗೆ, ಅಂದರೆ ಆ ಎರಡು ವೃತ್ತ ಮಾತ್ರ ಹಾಯುವ ಜಾಗಕ್ಕೆ, 13. ಹೀಗೇ 2–5ರ ಎಸಳಿಗೆ 7, 3–5ರ ಎಸಳಿಗೆ 3. ಕೊನೆಗೆ ಬರೀ 2ರದ್ದು 27, ಬರೀ 3ರದ್ದು 14, ಬರೀ 5ರದ್ದು 7. ಒಟ್ಟು 74, ವೃತ್ತಗಳ ಹೊರಗೆ 26. ಉತ್ತರ 26/100. ಚಿತ್ರದೊಳಗೆ ದಶಾಂಶ ಬರೆಯಲು ನಾನು ಬಿಡುವುದಿಲ್ಲ. ಸುಮ್ನೆ ಎಣಿಕೆ ಇರಲಿ, ಭಾಗಾಕಾರ ಕೊನೆಗೆ.

ಷರತ್ತುಬದ್ಧ ಸಂಭವನೀಯತೆಗೆ, ಅಂದರೆ ಒಂದು ವಿಷಯ ಮೊದಲೇ ಗೊತ್ತಿದ್ದಾಗಿನ ಸಂಭವನೀಯತೆಗೆ, ಡಸ್ಟರ್ ಸಾಕು. 'ಚೀಟಿ 3ರಿಂದ ಭಾಗವಾಗುತ್ತದೆ ಎಂದು ಗೊತ್ತು. ಅದು ಸಮಸಂಖ್ಯೆ ಆಗಿರುವ ಸಂಭವನೀಯತೆ?' 3ರ ವೃತ್ತದ ಹೊರಗಿನದ್ದನ್ನೆಲ್ಲ ಒರೆಸಿಬಿಡುತ್ತೇನೆ. ಉಳಿದದ್ದು 14, 13, 3, 3, ಅಂದರೆ 33. ಅದರಲ್ಲಿ ಸಮ 13+3. ಉತ್ತರ 16/33. ಛೇದದಲ್ಲಿದ್ದ 100 ಎಲ್ಲಿ ಹೋಯಿತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಚಿತ್ರ ಕೈಕೊಡುವ ಜಾಗವೂ ಇದೆ. ವೃತ್ತಗಳು ಮುಟ್ಟದಿದ್ದರೆ ಘಟನೆಗಳು ಸ್ವತಂತ್ರ, ಅಂದರೆ ಒಂದು ಆದರೂ ಇನ್ನೊಂದರ ಸಂಭವನೀಯತೆ ಬದಲಾಗುವುದಿಲ್ಲ, ಎಂದು ಸುಮಾರು ಮಕ್ಕಳು ನಂಬಿರುತ್ತಾರೆ. ಮುಟ್ಟದಿದ್ದರೆ ಒಂದು ಆದಾಗ ಇನ್ನೊಂದು ಆಗುವುದೇ ಇಲ್ಲ. ಇದಕ್ಕಿಂತ ಜಾಸ್ತಿ ನಂಟು ಬೇಕೇ? ಸ್ವತಂತ್ರವೋ ಅಲ್ಲವೋ ಎಂಬುದನ್ನು ಗುಣಿಸಿಯೇ ನೋಡಬೇಕು: ಎರಡರ ಸಂಭವನೀಯತೆ ಗುಣಿಸಿದರೆ ಎರಡೂ ಒಟ್ಟಿಗೆ ಆಗುವ ಸಂಭವನೀಯತೆಯೇ ಬಂದರೆ ಸ್ವತಂತ್ರ. 30 ಚೀಟಿ ಇದ್ದರೆ 2 ಮತ್ತು 3ಕ್ಕೆ 15/30 × 10/30 = 5/30, ಸರಿಹೋಗುತ್ತದೆ. 100 ಚೀಟಿಗೆ 0.5 × 0.33 ಅಂದರೆ 0.165, ಇರುವುದು 0.16. ಸ್ವತಂತ್ರ ಅಲ್ಲ. ಚಿತ್ರ ಮಾತ್ರ ಎರಡಕ್ಕೂ ಒಂದೇ ಥರ!

ನಾಲ್ಕು ಗುಂಪು ಬಂದರೆ ವೃತ್ತ ಬಿಟ್ಟುಬಿಡುತ್ತೇನೆ. ಬೇಕಾದ 16 ಭಾಗಗಳು ನಾಲ್ಕು ವೃತ್ತಗಳಿಂದ ಹುಟ್ಟುವುದೇ ಇಲ್ಲ. ಜಾನ್ ವೆನ್ ಕೂಡ 1880ರಲ್ಲಿ ನಾಲ್ಕಕ್ಕೆ ದೀರ್ಘವೃತ್ತಗಳನ್ನೇ ಎಳೆದಿದ್ದರು. ನನಗೆ ಅವನ್ನು ನೀಟಾಗಿ ಎಳೆಯುವ ತಾಳ್ಮೆ ಇಲ್ಲ, ಪಟ್ಟಿ ಹಾಕಿಸುತ್ತೇನೆ.